ಬೆಲೆ ಏರಿದಾಗ ಬಜೆಟ್‌ನಲ್ಲಿ ಏರದೆ ಉಳಿದದ್ದು

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ಎರಡು ಹಸು ಇವೆ, ಡೇರಿಗೆ ಹಾಲು ಹಾಕುತ್ತೇವೆ. ಯಜಮಾನರು ದಿನಾ ಬಸ್ಸಿನಲ್ಲಿ ಮೈಸೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ನನಗೆ ಗೃಹಲಕ್ಷ್ಮಿ ಹಣ, ಅತ್ತೆಗೆ ಸಂಧ್ಯಾ ಸುರಕ್ಷಾ ಬರುತ್ತದೆ. 2025ರಲ್ಲಿ ಬಸ್ಸು, ಹಾಲು, ಡೀಸೆಲ್, ಗ್ಯಾಸ್ ಒಂದರ ಹಿಂದೆ ಒಂದು ಏರಿದವು. ಬಜೆಟ್ ಬಂದಾಗಲೆಲ್ಲ ಟಿ.ವಿ.ಯಲ್ಲಿ ಒಬ್ಬರು ಜನಪರ ಅನ್ನುತ್ತಾರೆ, ಇನ್ನೊಬ್ಬರು ಜನವಿರೋಧಿ ಅನ್ನುತ್ತಾರೆ. ಊರಲ್ಲಿ ‘ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ತಾರೆ’ ಅನ್ನುವ ಮಾತಿದೆ. ಇದು ನಿಜವೇ? ನಮ್ಮಂಥವರು ಯಾವುದಕ್ಕೆ ಸಿಟ್ಟಾಗಬೇಕು? ಸಿಟ್ಟಾದರೆ ಏನಾದರೂ ಬದಲಾಗುತ್ತದೆಯೇ?

ಉತ್ತರ: ನಿಮ್ಮ ಮನೆಯ ಲೆಕ್ಕದಿಂದಲೇ ಶುರು ಮಾಡೋಣ. ಟಿ.ವಿ. ಚರ್ಚೆಯಲ್ಲಿ ಕೂತವರ ಲೆಕ್ಕದಲ್ಲಿ ಎಲ್ಲರೂ ಕೊಳ್ಳುವವರೇ. ಮಂಡ್ಯ ಜಿಲ್ಲೆಯ ಮನೆಗಳು ಹಾಗಿಲ್ಲ. ನೀವು ಕೊಳ್ಳುವವರೂ ಹೌದು, ಮಾರುವವರೂ ಹೌದು. ಆದ್ದರಿಂದ ಪ್ರತಿ ದರ ಏರಿಕೆಯೂ ನಿಮ್ಮ ಮನೆಯೊಳಗೇ ಒಬ್ಬರಿಗೆ ಒಂದು ಥರ, ಇನ್ನೊಬ್ಬರಿಗೆ ಇನ್ನೊಂದು ಥರ ತಟ್ಟುತ್ತದೆ.

ಹಾಲನ್ನೇ ನೋಡಿ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಮೈಸೂರಿನ ಸರಸ್ವತಿಪುರಂನಲ್ಲಿ ದಿನಕ್ಕೊಂದು ಲೀಟರ್ ಕೊಳ್ಳುವ ಮನೆಗೆ ತಿಂಗಳಿಗೆ 120 ರೂಪಾಯಿ ಹೆಚ್ಚುವರಿ ಖರ್ಚು. ಏರಿಸಿದ ನಾಲ್ಕು ರೂಪಾಯಿಯೂ ಹಾಲು ಹಾಕುವವರಿಗೇ ಸೇರುತ್ತದೆ ಎಂದು ಸರ್ಕಾರ ಹೇಳಿತು. ನೀವು ದಿನಕ್ಕೆ ಹತ್ತು ಲೀಟರ್ ಡೇರಿಗೆ ಹಾಕುತ್ತೀರಿ ಎಂದಿಟ್ಟುಕೊಂಡರೆ ಆ ನಾಲ್ಕು ರೂಪಾಯಿ ತಿಂಗಳಿಗೆ 1,200 ಆಗುತ್ತದೆ. ಹಿಂಡಿ, ಬೂಸಾ, ಡಾಕ್ಟರ ಖರ್ಚು ಕಳೆದರೂ ಸ್ವಲ್ಪ ಉಳಿಯಬೇಕು. ನಿಜಕ್ಕೂ ಅಷ್ಟು ಬಂದಿದೆಯೇ ಎಂಬುದು ನಿಮ್ಮ ಬಟವಾಡೆಯಲ್ಲೇ ಗೊತ್ತಾಗುತ್ತದೆ. ಆ ವರ್ಷದ ಮಾರ್ಚ್‌ನ ದರವನ್ನೂ ಏಪ್ರಿಲ್‌ನ ದರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಡಿಮೆ ಬಂದಿದ್ದರೆ ಸಿಟ್ಟು ತೋರಿಸಬೇಕಾದದ್ದು ನಿಮ್ಮ ಸಂಘದ ಸಭೆಯಲ್ಲಿ, ಮನ್‌ಮುಲ್ (ಮಂಡ್ಯ ಹಾಲು ಒಕ್ಕೂಟ) ಎದುರಿಗೆ. ಹಾಲಿನ ದರ ಏರಿದ್ದಕ್ಕೆ ನೀವು ಬೀದಿಗಿಳಿದು ಕೂಗಿದರೆ ನಿಮ್ಮ ಆದಾಯದ ವಿರುದ್ಧವೇ ಕೂಗಿದಂತಾಗುತ್ತದೆ.

ಬಸ್ಸಿನದ್ದು ಬೇರೆ ಕಥೆ. 2025ರ ಜನವರಿ 5ರಿಂದ ಸಾರಿಗೆ ಬಸ್ ದರ ಶೇ 15ರಷ್ಟು ಏರಿತು. ಶಕ್ತಿ ಯೋಜನೆ ಇರುವುದರಿಂದ ನಿಮಗೆ ಅದು ತಟ್ಟಲಿಲ್ಲ. ನಿಮ್ಮ ಯಜಮಾನರಿಗೆ ಪೂರ್ತಿ ತಟ್ಟಿತು. ದಿನಕ್ಕೆ 80 ರೂಪಾಯಿ ಕೊಡುತ್ತಿದ್ದವರು 92 ಕೊಡಬೇಕು. ತಿಂಗಳಿಗೆ 25 ದಿನ ಓಡಾಡಿದರೆ 300 ರೂಪಾಯಿ ಹೆಚ್ಚು. ಅದಕ್ಕೂ ಮುಂಚೆ ದರ ಏರಿದ್ದು 2020ರ ಫೆಬ್ರುವರಿಯಲ್ಲಿ. ಸುಮಾರು ಐದು ವರ್ಷ ಯಾರೂ ಮುಟ್ಟಲಿಲ್ಲ, ಆಮೇಲೆ ಒಂದೇ ಏಟಿಗೆ ಶೇ 15. ಜನ ಸಿಟ್ಟಾಗುತ್ತಾರೆಂದು ಎಲ್ಲ ಸರ್ಕಾರಗಳೂ ಹೀಗೆ ಮುಂದಕ್ಕೆ ಹಾಕುತ್ತವೆ. ಮುಂದಕ್ಕೆ ಹಾಕಿದಷ್ಟೂ ಕೊನೆಗೆ ಬೀಳುವ ಹೊರೆ ದೊಡ್ಡದಾಗುತ್ತದೆ, ಸಿಟ್ಟೂ ದೊಡ್ಡದಾಗುತ್ತದೆ. ವರ್ಷಕ್ಕೆ ಶೇ 3ರಂತೆ ಏರಿಸಿದ್ದರೆ ನಿಮ್ಮ ಯಜಮಾನರ ಸಂಬಳ ಹೇಗೋ ಹೊಂದಿಕೊಂಡು ಹೋಗುತ್ತಿತ್ತು.

ಈಗ ‘ಒಂದು ಕೈಲಿ ಕೊಟ್ಟು’ ಎಂಬ ಮಾತಿಗೆ ಬರುತ್ತೇನೆ. ಅದು ಅರ್ಧ ನಿಜ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಆ ಮಾತಿನಲ್ಲಿ ಸಿಕ್ಕದೆ ಉಳಿಯುವ ಇನ್ನರ್ಧ. ಕೊಟ್ಟ ಕೈ ಏನನ್ನೂ ವಾಪಸು ಕಿತ್ತುಕೊಳ್ಳದೆ, ಕೊಟ್ಟಷ್ಟನ್ನೇ ವರ್ಷಗಟ್ಟಲೆ ಕೊಡುತ್ತ ಹೋದರೂ ನಿಮಗೆ ಬರುವುದು ಕಡಿಮೆಯಾಗುತ್ತ ಹೋಗುತ್ತದೆ. ಬೆಲೆ ಏರುವ ಕಾಲದಲ್ಲಿ ಬಜೆಟ್‌ನ ಬಲು ದೊಡ್ಡ ತೀರ್ಮಾನ ಯಾವುದೆಂದರೆ, ಯಾವ ಮೊತ್ತವನ್ನು ಮುಟ್ಟದೆ ಹಾಗೇ ಬಿಡುವುದು ಎಂಬುದು. ಅದನ್ನು ಯಾರೂ ಭಾಷಣದಲ್ಲಿ ಓದುವುದಿಲ್ಲ, ಮರುದಿನದ ಪತ್ರಿಕೆಯಲ್ಲಿ ಅದಕ್ಕೆ ತಲೆಬರಹ ಇರುವುದಿಲ್ಲ, ಹಾಗಾಗಿ ಅದಕ್ಕೆ ಜನರ ಪ್ರತಿಕ್ರಿಯೆಯೂ ಇಲ್ಲ.

ಗ್ಯಾರಂಟಿಗಳನ್ನೇ ಈ ಕಣ್ಣಿನಿಂದ ನೋಡಿ. ಐದರಲ್ಲಿ ಮೂರು ವಸ್ತು ಅಥವಾ ಸೇವೆಯ ರೂಪದಲ್ಲಿವೆ: ಬಸ್ ಪ್ರಯಾಣ, ಯೂನಿಟ್ ಲೆಕ್ಕದ ಕರೆಂಟು, ಕೆ.ಜಿ. ಲೆಕ್ಕದ ಅಕ್ಕಿ. ಬಸ್ ದರ ಏರಿದರೆ ನಿಮಗೆ ಸಿಗುವ ಉಚಿತ ಪ್ರಯಾಣದ ಬೆಲೆಯೂ ಏರುತ್ತದೆ. ಅಕ್ಕಿ ತುಟ್ಟಿಯಾದರೂ ಸೊಸೈಟಿಯಲ್ಲಿ ಸಿಗುವ ಕೆ.ಜಿ. ಕಡಿಮೆಯಾಗುವುದಿಲ್ಲ. ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ.ಗೆ ಬದಲಾಗಿ 2023ರ ಜುಲೈನಿಂದ ತಲೆಗೆ 170 ರೂಪಾಯಿ ಕೊಡುತ್ತಿದ್ದರಲ್ಲ, ಕೆ.ಜಿ.ಗೆ 34ರ ಲೆಕ್ಕದಲ್ಲಿ? ಆ ಹಣಕ್ಕೆ ಅಂಗಡಿಯಲ್ಲಿ ಐದು ಕೆ.ಜಿ. ಅಕ್ಕಿ ಬರುತ್ತಿತ್ತೇ ಎಂದು ನಿಮಗೇ ಗೊತ್ತು. 2025ರ ಫೆಬ್ರುವರಿಯಿಂದ ಹಣ ನಿಲ್ಲಿಸಿ ಅಕ್ಕಿಯನ್ನೇ ಕೊಡಲು ಶುರು ಮಾಡಿದ್ದು, ಬಡ ಮನೆಗಳ ಮಟ್ಟಿಗೆ, ಬೆಲೆ ಏರಿಕೆಯಿಂದ ಕಾಪಾಡಿದ ಒಳ್ಳೆಯ ತೀರ್ಮಾನ. ಅದಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಸಿಗಲಿಲ್ಲ.

ಉಳಿದೆರಡು, ಗೃಹಲಕ್ಷ್ಮಿ ಮತ್ತು ಯುವನಿಧಿ, ರೂಪಾಯಿಯಲ್ಲಿವೆ. ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ರಂದು, ನಮ್ಮ ಮೈಸೂರಿನಲ್ಲೇ. ಅಂದು 2,000, ಆಮೇಲಿನ ಬಜೆಟ್‌ಗಳಲ್ಲೂ ಅದೇ 2,000. ದೇಶದ ಸರಾಸರಿ ಹಣದುಬ್ಬರ 2024-25ರಲ್ಲಿ ಶೇ 4.6 ಇತ್ತು. ಅಂದರೆ ಮೊದಲ ವರ್ಷದ ಬೆಲೆಗಳಲ್ಲಿ ಹೇಳುವುದಾದರೆ, ಎರಡನೇ ವರ್ಷ ನಿಮ್ಮ ಕೈಗೆ ಬಂದದ್ದು ಸುಮಾರು 1,910 ರೂಪಾಯಿ. ಕಂತು ಎರಡು ಮೂರು ತಿಂಗಳು ತಡವಾಗಿ ಬಿದ್ದರೆ ಆ ನಡುವೆ ಮಾಡಿದ ಕೈಸಾಲದ ಬಡ್ಡಿ ಬೇರೆ. 2025-26ರ ರಾಜ್ಯ ಬಜೆಟ್ ಗೃಹಲಕ್ಷ್ಮಿಗೆ ಇಟ್ಟದ್ದು 28,608 ಕೋಟಿ. ಶೇ 4.6ರಷ್ಟು ಏರಿಸಿದ್ದರೆ ಇನ್ನೂ ಸುಮಾರು 1,300 ಕೋಟಿ ಬೇಕಾಗುತ್ತಿತ್ತು. ಏರಿಸದೆ ಬಿಟ್ಟಿದ್ದರಿಂದ ಅಷ್ಟು ಹಣ ಉಳಿಯಿತು, ಒಂದೇ ಒಂದು ಧರಣಿಯಿಲ್ಲದೆ.

ನಿಮ್ಮ ಅತ್ತೆಯವರ ಪಿಂಚಣಿ ಇದಕ್ಕಿಂತ ನೋವಿನ ವಿಷಯ. ಸಂಧ್ಯಾ ಸುರಕ್ಷಾ 1,000ದಿಂದ 1,200ಕ್ಕೆ ಏರಿದ್ದು 2021ರಲ್ಲಿ. ಆ ಮೇಲೆ ಸರಾಸರಿ ಹಣದುಬ್ಬರ 2022-23ರಲ್ಲಿ ಶೇ 6.7, ಮುಂದಿನ ವರ್ಷ ಶೇ 5.4, ಅದರ ಮುಂದಿನ ವರ್ಷ ಶೇ 4.6. ಒಂದರ ಮೇಲೊಂದು ಸೇರಿದರೆ ಶೇ 17ಕ್ಕೂ ಹೆಚ್ಚು. ಹಾಗಾಗಿ 2024-25ರ 1,200 ರೂಪಾಯಿಗೆ 2021-22ರ ಬೆಲೆಗಳಲ್ಲಿ ಸುಮಾರು 1,020 ರೂಪಾಯಿಯ ಸಾಮಾನು ಬರುತ್ತಿತ್ತು. ಅಂದು ಏರಿಸಿದ 200ರಲ್ಲಿ 180ನ್ನು ಬೆಲೆ ಏರಿಕೆ ನುಂಗಿತು. ಅತ್ತೆಯವರು ಮೊದಲಿನಷ್ಟೇ ಮಾತ್ರೆ, ಮೊದಲಿನಷ್ಟೇ ಎಲೆಅಡಿಕೆ, ಸಕ್ಕರೆ ಕೊಳ್ಳಬೇಕಾದರೆ ಆಗಲೇ 1,410 ರೂಪಾಯಿ ಬೇಕಿತ್ತು. ಕೇಂದ್ರ ಸರ್ಕಾರದ್ದು ಇನ್ನೂ ಕೆಟ್ಟದಾಗಿದೆ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ ಅದು 80 ತುಂಬದ ವೃದ್ಧರಿಗೆ ಕೊಡುವ ಪಾಲು 2007ರಲ್ಲೂ ತಿಂಗಳಿಗೆ 200 ರೂಪಾಯಿ ಇತ್ತು, ಅಲ್ಲಿಂದಾಚೆಗೆ ಬಂದ ಎರಡೂ ಕಡೆಯ ಸರ್ಕಾರಗಳು ಅದನ್ನು ಅಲ್ಲೇ ಬಿಟ್ಟವು. ಮೈಸೂರಿನ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರನ್ನು ಕೇಳಿ: ಭವಿಷ್ಯನಿಧಿಯ ಕನಿಷ್ಠ ಪಿಂಚಣಿ 1,000 ಎಂದು ನಿಗದಿಯಾದದ್ದು 2014ರ ಸೆಪ್ಟೆಂಬರ್‌ನಲ್ಲಿ. ಆ ಸಾವಿರವನ್ನು ಏರಿಸಿ ಎಂದು ಎಷ್ಟು ವರ್ಷದಿಂದ ಅರ್ಜಿ ಕೊಡುತ್ತಿದ್ದಾರೆಂದು ಹೇಳುತ್ತಾರೆ.

ಇದಕ್ಕೆದುರಾಗಿ ಸರ್ಕಾರಿ ನೌಕರರ ತುಟ್ಟಿಭತ್ಯೆ ನೋಡಿ. ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ಅವರಿಗೆ ಅದು ಸಿಗಬಾರದು ಎಂದು ನಾನು ಹೇಳುತ್ತಿಲ್ಲ, ಖಂಡಿತ ಸಿಗಬೇಕು. ಬೆಲೆಗೆ ತಕ್ಕಂತೆ ಕೊಡುವ ವಿದ್ಯೆ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಉದ್ಯೋಗ ಖಾತ್ರಿಯ ಕೂಲಿಯೂ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ನೋಡಿ ವರ್ಷವರ್ಷ ಏರಿದೆ; ಕರ್ನಾಟಕದಲ್ಲಿ 2023-24ರಲ್ಲಿ ದಿನಕ್ಕೆ 316 ಇದ್ದದ್ದು 2025-26ರಲ್ಲಿ 370 ಆಯಿತು. ಕೂಲಿಗೆ ಸಾಧ್ಯವಾದದ್ದು ಮುದುಕರ ಪಿಂಚಣಿಗೆ ಏಕೆ ಸಾಧ್ಯವಿಲ್ಲ?

ಬರುವ ಕಡೆಯ ಲೆಕ್ಕ ಹೀಗಿಲ್ಲ. ಡೀಸೆಲ್ ಮೇಲೆ ರಾಜ್ಯ ಹಾಕುವ ಮಾರಾಟ ತೆರಿಗೆ ಶೇಕಡಾ ಲೆಕ್ಕದ್ದು. 2024ರ ಜೂನ್‌ನಲ್ಲಿ ಅದನ್ನು ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿಸಿದರು. ಇಂಥ ತೆರಿಗೆ ಹೇಗೆಂದರೆ, ಮೂಲ ಬೆಲೆ ಏರಿದಾಗ ಯಾರೂ ಆದೇಶ ಹೊರಡಿಸದೆಯೇ ಬೊಕ್ಕಸಕ್ಕೆ ಬರುವ ರೂಪಾಯಿ ಹೆಚ್ಚಾಗುತ್ತದೆ. ಜಿಎಸ್‌ಟಿಯೂ ಹೀಗೆಯೇ. ಸರ್ಕಾರಕ್ಕೆ ಬರುವುದು ಶೇಕಡಾ ಲೆಕ್ಕದಲ್ಲಿ, ನಿಮ್ಮ ಅತ್ತೆಗೆ ಹೋಗುವುದು ರೂಪಾಯಿ ಲೆಕ್ಕದಲ್ಲಿ. ನಿಮ್ಮ ಊರಿನ ಜನಕ್ಕೆ ಏನೋ ಸರಿಯಿಲ್ಲ ಅನ್ನಿಸುತ್ತದಲ್ಲ, ಅದರ ಬೇರು ಇಲ್ಲಿದೆ.

ಮಂಡ್ಯದಲ್ಲಿ ಕೂತು ಈ ವಿಷಯ ಬರೆಯುವಾಗ ಕಬ್ಬನ್ನೂ ಹಾಲನ್ನೂ ಬಿಡಲಾಗದು. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು ಕೇಂದ್ರ 2019ರ ಫೆಬ್ರುವರಿಯಲ್ಲಿ ಕೆ.ಜಿ.ಗೆ 31 ರೂಪಾಯಿ ಮಾಡಿತು. 2025 ಮುಗಿಯುತ್ತ ಬಂದರೂ ಅದು 31ರಲ್ಲೇ ಇತ್ತು. ಈ ನಡುವೆ ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ರೈತರಿಗೆ ಕೊಡಲೇಬೇಕೆಂದು ಕೇಂದ್ರ ನಿಗದಿ ಮಾಡುವ ದರ, ಕ್ವಿಂಟಲ್‌ಗೆ 275ರಿಂದ 355ಕ್ಕೆ ಬಂದಿತ್ತು. 2025ರ ನವೆಂಬರ್‌ನಲ್ಲಿ ಉತ್ತರ ಕರ್ನಾಟಕದ ರೈತರು ಟನ್ನಿಗೆ 3,500 ಬೇಕೆಂದು ಗುರ್ಲಾಪುರದಲ್ಲಿ ಕೂತು 3,300ಕ್ಕೆ ಒಪ್ಪಿಸಿದಾಗ, ಕಾರ್ಖಾನೆಗಳೂ ರಾಜ್ಯ ಸರ್ಕಾರವೂ ಬೆರಳು ತೋರಿಸಿದ್ದು ಆ ಕದಲದ 31ರ ಕಡೆಗೆ. ಹಾಲಿನಲ್ಲೂ ಅದೇ. ರಾಜ್ಯ ಬಜೆಟ್‌ನಿಂದ ಹಾಲು ಉತ್ಪಾದಕರಿಗೆ ಕೊಡುವ ಪ್ರೋತ್ಸಾಹಧನ 2016ರಿಂದ ಲೀಟರಿಗೆ 5 ರೂಪಾಯಿ ಇತ್ತು. 2023ರ ಚುನಾವಣೆಯಲ್ಲಿ ಅದನ್ನು 7 ಮಾಡುವ ಭರವಸೆ ಸಿಕ್ಕಿತ್ತು. 2025ರ ಏಪ್ರಿಲ್‌ನಲ್ಲಿ ರೈತರಿಗೆ ಹೆಚ್ಚು ಕೊಡಬೇಕಾಗಿ ಬಂದಾಗ ಆ ಹಣ ಬಂದದ್ದು ಕೊಳ್ಳುವವರ ಜೇಬಿನಿಂದ. ಪ್ರೋತ್ಸಾಹಧನ ಐದರಲ್ಲೇ ನಿಂತಿತ್ತು. ದಿನಕ್ಕೆ ಒಂದು ಕೋಟಿ ಲೀಟರ್ ಎಂದೇ ಲೆಕ್ಕ ಹಾಕಿದರೂ, ಪ್ರೋತ್ಸಾಹಧನ ಒಂದು ರೂಪಾಯಿ ಏರಿಸಲು ವರ್ಷಕ್ಕೆ 365 ಕೋಟಿ ಬೇಕು. ಎರಡು ರೂಪಾಯಿ ಬಜೆಟ್‌ನಿಂದ, ಎರಡು ರೂಪಾಯಿ ಕೊಳ್ಳುವವರಿಂದ ಎಂದು ಹಂಚಿದ್ದರೆ ಮೈಸೂರಿನ ಮನೆಗೂ ಪಾಂಡವಪುರದ ಮನೆಗೂ ಜಗಳ ಹತ್ತುತ್ತಿರಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಬಂದದ್ದೆಲ್ಲ ನಾಲ್ಕು ರೂಪಾಯಿಯ ಮಾತೇ, ಐದರ ಮಾತು ಬಹಳ ಕಡಿಮೆ.

ಕಣ್ಣಿಗೆ ಬಿದ್ದದ್ದಕ್ಕೆ ಮಾತ್ರ ಸಿಟ್ಟು ಬರುತ್ತದೆ ಎಂಬುದಕ್ಕೆ ಒಂದೇ ದಿನದ ಉದಾಹರಣೆ ಸಾಕು. 2025ರ ಏಪ್ರಿಲ್ 7ರಂದು ರಾಜ್ಯದ ಬೆಲೆ ಏರಿಕೆಯ ವಿರುದ್ಧ ಬಿಜೆಪಿಯ ಜನಾಕ್ರೋಶ ಯಾತ್ರೆ ಮೈಸೂರಿನಿಂದ ಹೊರಟಿತು. ಅದೇ ದಿನ ಕೇಂದ್ರ ಸರ್ಕಾರ ಅಡುಗೆ ಅನಿಲದ ಸಿಲಿಂಡರ್‌ಗೆ 50 ರೂಪಾಯಿ ಏರಿಸಿತು, ಪೆಟ್ರೋಲ್ ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನೂ ಲೀಟರಿಗೆ 2 ರೂಪಾಯಿ ಏರಿಸಿತು. ಸಿಲಿಂಡರಿನ 50 ರೂಪಾಯಿಗೆ ಕಾಂಗ್ರೆಸ್‌ನವರು ಪ್ರತಿಭಟಿಸಿದರು. ಸುಂಕದ 2 ರೂಪಾಯಿ ಮಾತ್ರ ಬಂಕಿನ ದರಪಟ್ಟಿಯಲ್ಲಿ ಕಾಣಲೇ ಇಲ್ಲ, ಏಕೆಂದರೆ ಆಗ ಕಚ್ಚಾತೈಲದ ಬೆಲೆ ಬಿದ್ದಿತ್ತು. ನಿಮಗೆ ಇಳಿದು ಬರಬೇಕಾಗಿದ್ದ ಬೆಲೆ ಸುಂಕಕ್ಕೆ ಹೋಯಿತು. ಇಳಿಯಬೇಕಾಗಿದ್ದು ಇಳಿಯದೇ ಇದ್ದದ್ದಕ್ಕೆ ಹೆದ್ದಾರಿ ತಡೆದವರನ್ನು ನಾನು ಕಾಣೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. 2025ರ ಅಕ್ಟೋಬರ್‌ನಲ್ಲಿ ದೇಶದ ಹಣದುಬ್ಬರ ಶೇ 0.25ಕ್ಕೆ ಇಳಿಯಿತು ಎಂಬ ಸುದ್ದಿ ನೋಡಿ ಅನೇಕರು ‘ಯಾವ ಅಂಗಡಿಯಲ್ಲಿ ಇಳಿದಿದೆ?’ ಎಂದು ಕೇಳಿದರು. ಹಣದುಬ್ಬರ ಇಳಿಯಿತೆಂದರೆ ಬೆಲೆ ಏರುವ ವೇಗ ತಗ್ಗಿತು ಎಂದಷ್ಟೇ ಅರ್ಥ. 100 ರೂಪಾಯಿಯ ಸಾಮಾನು ಒಂದು ವರ್ಷ ಶೇ 7 ಏರಿ 107 ಆಗಿ, ಮುಂದಿನ ವರ್ಷ ಏರದೆ ನಿಂತರೆ ಹಣದುಬ್ಬರ ಸೊನ್ನೆ, ನೀವು ಕೊಡುವುದು 107. ಅದಕ್ಕೇ ಹಣದುಬ್ಬರ ಇಳಿದ ವರ್ಷವೇ ನಿಂತ ಮೊತ್ತಗಳನ್ನು ಸರಿಪಡಿಸಲು ಒಳ್ಳೆಯ ಸಮಯ. ಹಳೇ ಬಾಕಿ ತೀರಿಸಿದರೆ ಮುಂದೆ ಬೇಗ ಬೇಗ ಹಿಂದೆ ಬೀಳುವ ಭಯ ಇರುವುದಿಲ್ಲ.

ರಾಜ್ಯ ಸರ್ಕಾರದ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನಾಗಿಯೇ ಏರಿಸಬಹುದಾದ ದೊಡ್ಡ ತೆರಿಗೆಗಳು ಕೆಲವೇ: ಪೆಟ್ರೋಲ್ ಡೀಸೆಲ್, ಮದ್ಯ, ಮುದ್ರಾಂಕ, ವಾಹನ. ಜಿಎಸ್‌ಟಿ ನಷ್ಟ ಪರಿಹಾರ 2022ರ ಜೂನ್‌ಗೆ ನಿಂತಿತು. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಹದಿನಾಲ್ಕನೇ ಹಣಕಾಸು ಆಯೋಗ ಶೇ 4.713 ಎಂದಿತ್ತು, ಹದಿನೈದನೆಯದು ಶೇ 3.647ಕ್ಕೆ ಇಳಿಸಿತು. ಇನ್ನೊಂದು ಕಡೆ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ಕೊರತೆ ರಾಜ್ಯದ ಉತ್ಪನ್ನದ ಶೇ 3 ದಾಟಬಾರದು. 2025-26ರ ಬಜೆಟ್ ಶೇ 2.95ರಲ್ಲಿ ನಿಂತಿತ್ತು. ಗ್ಯಾರಂಟಿಗಳಿಗೆ ಆ ವರ್ಷ 51,034 ಕೋಟಿ. ಇಷ್ಟರ ನಡುವೆ ಹಣ ಹೊಂದಿಸುವವರು ಡೀಸೆಲ್, ಮದ್ಯದ ಕಡೆಗೇ ತಿರುಗುತ್ತಾರೆ. ಇದರಲ್ಲಿ ನನಗೆ ತಪ್ಪೆಂದು ಕಾಣುವುದು ಡೀಸೆಲ್. ಟ್ರ್ಯಾಕ್ಟರ್ ಉಳುಮೆ, ಕಬ್ಬಿನ ಲಾರಿ, ತರಕಾರಿ ಟೆಂಪೊ ಎಲ್ಲದಕ್ಕೂ ಅದು ಬೇಕು. ಅದರ ಮೇಲೆ ಹಾಕಿದ ತೆರಿಗೆಯ ಹೊರೆ ಗೃಹಲಕ್ಷ್ಮಿ ಪಡೆಯುವ ಮನೆಗೇ ಸುತ್ತಿ ಬರುತ್ತದೆ.

ಸಿಟ್ಟಾದರೆ ಬದಲಾಗುತ್ತದೆಯೇ ಎಂದಿರಿ. ಆಗುತ್ತದೆ, ಬೇಡಿಕೆ ಒಂದೇ ಆಗಿದ್ದು ಅದನ್ನು ತೀರ್ಮಾನಿಸುವವರು ಯಾರೆಂದು ಗೊತ್ತಿದ್ದರೆ. 2016ರ ಕೇಂದ್ರ ಬಜೆಟ್ ಭವಿಷ್ಯನಿಧಿಯ ಹಣದ ಒಂದು ಭಾಗಕ್ಕೆ ತೆರಿಗೆ ಹಾಕುವುದಾಗಿ ಹೇಳಿ, ಸಂಬಳದಾರರೆಲ್ಲ ತಿರುಗಿಬಿದ್ದ ಮೇಲೆ ಹತ್ತು ದಿನದೊಳಗೆ ಹಿಂದೆ ಸರಿಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ, ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಎರಡು ದಿನ. ಕೇಂದ್ರ ಆ ನಿಯಮವನ್ನೇ ವಾಪಸು ಪಡೆಯಿತು. ಆ ಹೆಣ್ಣುಮಕ್ಕಳು ‘ಜನವಿರೋಧಿ ಸರ್ಕಾರ’ ಎಂದು ಕೂಗುವುದರಲ್ಲಿ ನಿಲ್ಲಲಿಲ್ಲ, ‘ನಮ್ಮ ಪಿ.ಎಫ್. ನಮಗೆ ಕೊಡಿ’ ಎಂಬುದು ಅವರ ಬೇಡಿಕೆಯಾಗಿತ್ತು.

ನಿಮ್ಮನ್ನು ತಟ್ಟಿದ ತೀರ್ಮಾನಗಳಲ್ಲಿ ಬಹುಪಾಲು 2025ರ ಮಾರ್ಚ್ 7ರ ಬಜೆಟ್ ಭಾಷಣದಲ್ಲಿ ಇರಲೇ ಇಲ್ಲ ಎಂಬುದನ್ನು ಗಮನಿಸಿ. ಬಸ್ ದರ ಅದಕ್ಕೂ ಎರಡು ತಿಂಗಳು ಮೊದಲೇ ಸಚಿವ ಸಂಪುಟದಲ್ಲಿ ತೀರ್ಮಾನವಾಗಿತ್ತು. ಹಾಲು, ಡೀಸೆಲ್ ಆಮೇಲೆ ಬಂದವು. ಕರೆಂಟಿಗೆ ಯೂನಿಟ್‌ಗೆ 36 ಪೈಸೆ ಸೇರಿದ್ದು ವಿದ್ಯುತ್ ನಿಯಂತ್ರಣ ಆಯೋಗದ ಆದೇಶದಿಂದ. ಆಯೋಗವಂತೂ ದರ ಬದಲಿಸುವ ಮುನ್ನ ಜನರ ಆಕ್ಷೇಪಣೆ ಕೇಳಲೇಬೇಕು ಎಂಬ ಕಾನೂನಿದೆ. ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಗ್ರಾಹಕರಾದ ನಮ್ಮ ಮಂಡ್ಯ, ಮೈಸೂರು ಜಿಲ್ಲೆಗಳವರು ಆ ವಿಚಾರಣೆಗೆ ಇನ್ನಷ್ಟು ಜನ ಹೋಗಬೇಕು.

ಪಿಂಚಣಿ, ಗೃಹಲಕ್ಷ್ಮಿ, ಹಾಲಿನ ಪ್ರೋತ್ಸಾಹಧನ, ಈ ಮೂರು ಮಾತ್ರ ನೇರವಾಗಿ ಬಜೆಟ್‌ನ ವಿಷಯ. ಇವಕ್ಕೆ ಬಜೆಟ್ ದಿನ ಸಿಟ್ಟಾದರೆ ತಡವಾಯಿತು. ಬಜೆಟ್‌ಗೆ ಮೊದಲು ಮುಖ್ಯಮಂತ್ರಿಗಳು ಇಲಾಖೆವಾರು ಸಭೆ ನಡೆಸುತ್ತಾರೆ, ರೈತ ಸಂಘಟನೆಗಳನ್ನೂ ಕರೆದು ಮಾತಾಡುತ್ತಾರೆ. ಆ ಹೊತ್ತಿಗೆ, ಅಂದರೆ ಜನವರಿ ಮುಗಿಯುವುದರೊಳಗೆ, ನಿಮ್ಮ ಸ್ತ್ರೀಶಕ್ತಿ ಸಂಘದಿಂದಲೋ ಡೇರಿಯಿಂದಲೋ ಶಾಸಕರಿಗೆ ಒಂದು ಪುಟದ ಮನವಿ ಹೋಗಲಿ. ಅದರಲ್ಲಿ ಬೆಲೆ ಏರಿಕೆಯ ಬಗ್ಗೆ ಭಾಷಣ ಬೇಡ. ಸಂಧ್ಯಾ ಸುರಕ್ಷಾ ಎಷ್ಟು, ಯಾವ ವರ್ಷದಿಂದ ಅಷ್ಟೇ ಇದೆ, ಅಂದಿನ ಕೊಳ್ಳುವ ಶಕ್ತಿ ಉಳಿಯಬೇಕಾದರೆ ಈಗ ಎಷ್ಟಾಗಬೇಕು. ಪ್ರೋತ್ಸಾಹಧನಕ್ಕೂ ಇದೇ ಮೂರು ಸಾಲು. ಕೊನೆಗೆ, ತುಟ್ಟಿಭತ್ಯೆಯ ಹಾಗೆ ಇವುಗಳನ್ನೂ ವರ್ಷಕ್ಕೊಮ್ಮೆ ಬೆಲೆ ಸೂಚ್ಯಂಕಕ್ಕೆ ಹೊಂದಿಸಿ ಎಂಬ ಒಂದು ಬೇಡಿಕೆ. ಶಾಸಕರು ಯಾವ ಪಕ್ಷದವರಾದರೂ ಸದನದಲ್ಲಿ ಓದಲು ಅಷ್ಟು ಸಾಕು. ಮನವಿ ಕೊಟ್ಟಿದ್ದಕ್ಕೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಬಜೆಟ್ ಆದ ಮೇಲೆ ಇಲಾಖಾವಾರು ಬೇಡಿಕೆಗಳ ಚರ್ಚೆ ಬರುತ್ತದೆ, ಆಗ ಆ ಪ್ರತಿ ಹಿಡಿದು ಮತ್ತೆ ಕೇಳಬಹುದು.